ಅಲಾಯ್ ವೀಲ್‌ಗೆ ಪೌಡರ್ ಕೋಟಿಂಗ್: ಯಾವಾಗ ಬಾಳಿಕೆ ಬರುತ್ತೆ, ಯಾವಾಗ ಮತ್ತೆ ಏಳುತ್ತೆ

ಅಲ್ಯೂಮಿನಿಯಂ ಅಲಾಯ್ ವೀಲಿನ ಸ್ಪೋಕಿನ ಅಂಚಲ್ಲಿ ಕಲ್ಲು ತಾಗಿದ ಒಂದು ಚುಕ್ಕೆ. ಅಲ್ಲಿಂದ ಲ್ಯಾಕರ್ (ಪೇಂಟಿನ ಪಾರದರ್ಶಕ ಮೇಲ್ಪದರ) ಅಡಿಯಲ್ಲೇ ಹೊರಟ ಬಿಳಿ ಎಳೆಗಳು. ಉಗುರು ಹಾಕಿದರೆ ಪೇಂಟು ಹಾಗೇ ಎದ್ದು ಬರುತ್ತದೆ, ಕೆಳಗೆ ಸುಣ್ಣದಂಥ ಬಿಳಿ ಪುಡಿ. ಅಲ್ಯೂಮಿನಿಯಂ ಕೊಳೆಯುವುದು ಹೀಗೆ: ಉಪ್ಪಿನಂಶವೂ ತೇವವೂ ಸೇರಿದರೆ ಸಾಕು, ಪೇಂಟಿನ ಕೆಳಗೇ ಹರಡುತ್ತಾ ಹೋಗುತ್ತದೆ. ಮಂಗಳೂರು, ಕಾರವಾರದಲ್ಲಿ ಕಡಲ ಗಾಳಿಯೇ ಇದನ್ನು ಮಾಡುತ್ತದೆ. ಒಳನಾಡಿನಲ್ಲಿ ಆಸಿಡ್ ಹಾಕಿ ವೀಲ್ ತಿಕ್ಕುವ ವಾಟರ್ ಸರ್ವಿಸ್‌ನವರು ಮಾಡುತ್ತಾರೆ.

ಬೆಂಗಳೂರಲ್ಲಿ ಇದಕ್ಕೆ ಎರಡು ಬಗೆಯ ರಿಪೇರಿ ಸಿಗುತ್ತದೆ. ಒಂದು, ಟೈರು ಬಿಚ್ಚದೆ ಟೇಪ್ ಸುತ್ತಿ ಸ್ಪ್ರೇ ಹೊಡೆಯುವುದು. ಇನ್ನೊಂದು, ಪೀಣ್ಯದಂಥ ಕೈಗಾರಿಕಾ ಪ್ರದೇಶದ ಘಟಕಗಳಲ್ಲಿ ಪೌಡರ್ ಕೋಟಿಂಗ್, ಅಂದರೆ ಒಣ ಬಣ್ಣದ ಪುಡಿಯನ್ನು ವೀಲ್‌ಗೆ ಹಿಡಿಸಿ ಓವನ್‌ನಲ್ಲಿ ಕರಗಿಸಿ ಗಟ್ಟಿ ಮಾಡುವುದು. ಮೊದಲನೆಯದಕ್ಕೆ ದುಡ್ಡು ಹಾಕಬೇಡಿ. ಹಳೇ ಪೇಂಟಿನ ಕೆಳಗಿನ ಬಿಳಿ ಪುಡಿ ಅಲ್ಲೇ ಉಳಿದರೆ ಮೇಲೆ ಎಷ್ಟು ಕೋಟ್ ಹೊಡೆದರೂ ಅದು ಮತ್ತೆ ಏಳುತ್ತದೆ. ಎರಡನೆಯದು ದುಡ್ಡಿಗೆ ತಕ್ಕ ಕೆಲಸ, ಆದರೆ ಬಣ್ಣದ ಪುಡಿ ಹಾಕುವ ಮುಂಚಿನ ತಯಾರಿ ಸರಿಯಾಗಿದ್ದರೆ ಮಾತ್ರ. ಅಂಗಡಿಯವರು ತೋರಿಸುವ ಬಣ್ಣದ ಚಾರ್ಟ್ ಬದಿಗಿಟ್ಟು ಆ ತಯಾರಿಯ ಬಗ್ಗೆ ಕೇಳಿ.

ಟೈರು, ವಾಲ್ವ್, ಟೈರ್ ಪ್ರೆಷರ್ ಸೆನ್ಸರ್, ಬ್ಯಾಲೆನ್ಸಿಂಗ್ ತೂಕ ಎಲ್ಲ ಕಳಚಲೇಬೇಕು. ಹಳೇ ಪೇಂಟನ್ನು ಸ್ಟ್ರಿಪ್ಪರ್‌ನಲ್ಲಿ (ಪೇಂಟ್ ಕಳಚುವ ರಾಸಾಯನಿಕ) ತೆಗೆದು, ಆಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗ್ಲಾಸ್ ಬೀಡ್‌ನಿಂದ ಕಡಿಮೆ ಒತ್ತಡದಲ್ಲಿ ಬ್ಲಾಸ್ಟ್ ಮಾಡಬೇಕು, ಅಂದರೆ ಆ ಕಣಗಳನ್ನು ಗಾಳಿಯಲ್ಲಿ ಹೊಡೆದು ಮೇಲ್ಮೈ ಕೆರೆಯಬೇಕು. ಗೇಟು, ಗ್ರಿಲ್‌ಗೆ ಬಳಸುವ ಸ್ಟೀಲ್ ಗ್ರಿಟ್‌ನಲ್ಲೇ ವೀಲನ್ನೂ ಬ್ಲಾಸ್ಟ್ ಮಾಡಿದರೆ ಕಬ್ಬಿಣದ ಕಣ ಅಲ್ಯೂಮಿನಿಯಂ ಒಳಗೆ ಕೂತು ಮುಂದೆ ತೊಂದರೆ ಕೊಡುತ್ತದೆ. ಗುಳಿಗಳ ಒಳಗಿನ ಬಿಳಿ ಪುಡಿ ಪೂರ್ತಿ ಹೋಗಿ ಬರೀ ಲೋಹ ಕಾಣಬೇಕು. ಈ ಹಂತದ ಫೋಟೋ ಕೇಳಿ ತರಿಸಿಕೊಳ್ಳಿ. ಅದಾದ ಮೇಲೆ ಕ್ರೋಮೇಟ್ ಅಥವಾ ಝಿರ್ಕೋನಿಯಂ ಟ್ರೀಟ್‌ಮೆಂಟ್: ಲೋಹದ ಮೇಲೆ ತೆಳು ರಕ್ಷಣಾ ಪದರ ಕೂರಿಸುವ ರಾಸಾಯನಿಕ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಕಲ್ಲು ತಾಗಿ ಕೋಟಿಂಗ್ ಒಡೆದಾಗ ತುಕ್ಕು ಪಕ್ಕಕ್ಕೆ ಹರಡದಂತೆ ತಡೆಯುವುದೂ ಇದೇ.

ಆಮೇಲೆ ಬರೀ ವೀಲನ್ನು ಒಮ್ಮೆ ಓವನ್‌ಗೆ ಹಾಕಬೇಕು. ಎರಕದ ಅಲ್ಯೂಮಿನಿಯಂನ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ, ಎಣ್ಣೆ ಸೇರಿಕೊಂಡಿರುತ್ತದೆ. ಅದು ಮೊದಲೇ ಹೊರಹೋಗದಿದ್ದರೆ ಪುಡಿ ಕರಗುವ ಹೊತ್ತಿಗೆ ಗುಳ್ಳೆಯೆದ್ದು ಸೂಜಿಮೊನೆಯಷ್ಟು ತೂತುಗಳಾಗುತ್ತವೆ. ನೀರು ಇಳಿಯಲು ಅಷ್ಟು ಸಾಕು. ಪುಡಿ ಸಾಮಾನ್ಯವಾಗಿ 180ರಿಂದ 200 ಡಿಗ್ರಿಯಲ್ಲಿ, ಲೋಹ ಅಷ್ಟು ಬಿಸಿಯಾದ ಮೇಲೆ 10ರಿಂದ 20 ನಿಮಿಷ ಬೇಯುತ್ತದೆ. ದಪ್ಪ 60ರಿಂದ 100 ಮೈಕ್ರಾನ್ ಇದ್ದರೆ ಸರಿ. ಅಲಾಯ್ ವೀಲನ್ನು ಶಾಖ ಕೊಟ್ಟೇ ಗಟ್ಟಿ ಮಾಡಿರುತ್ತಾರೆ. ಅತಿ ಬಿಸಿಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಆ ಗಟ್ಟಿತನ ಇಳಿಯುತ್ತದೆ. ಹಾಗಾಗಿ ಬಣ್ಣ ಬೇಜಾರಾಯಿತೆಂದು ಪದೇ ಪದೇ ಬೇಯಿಸುವುದು ಬೇಡ.

ನಟ್ ಕೂರುವ ಜಾಗ, ಹಬ್‌ಗೆ ತಾಗುವ ಹಿಂಭಾಗ, ನಡುವಿನ ತೂತು: ಈ ಮೂರಕ್ಕೂ ಪುಡಿ ತಾಗಬಾರದು. ನಟ್ಟಿನ ಕೆಳಗೆ ದಪ್ಪ ಕೋಟಿಂಗ್ ಕೂತರೆ ಓಡಿಸುವಾಗ ಅದು ನುಜ್ಜಾಗಿ ನಟ್ ಸಡಿಲವಾಗುತ್ತದೆ. ವೀಲ್ ವಾಪಸ್ ಬಂದ ಕೂಡಲೇ ತಿರುಗಿಸಿ ಹಿಂದಿನಿಂದ ನೋಡಿ. ಕೆಲಸದವರ ಶ್ರದ್ಧೆ ಗೊತ್ತಾಗುವುದು ಅಲ್ಲೇ.

ಫುಟ್‌ಪಾತ್‌ಗೆ ಉಜ್ಜಿದ ಗೀರುಗಳಿಗೆ ಬಾಡಿ ಪುಟ್ಟಿ ತುಂಬಿ ಪೌಡರ್ ಹಾಕಿಸಿದರೆ ಓವನ್ ಬಿಸಿಗೆ ಪುಟ್ಟಿ ಬಿರಿಯುತ್ತದೆ. ಗೀರನ್ನು ಉಜ್ಜಿ ಸಮ ಮಾಡಬೇಕು, ಅಥವಾ ರಿಮ್ಮಿನ ಹೊರ ಅಂಚಿನಲ್ಲಾದರೆ ಟಿಗ್ ವೆಲ್ಡಿಂಗ್‌ನಿಂದ ತುಂಬಬೇಕು. ಸ್ಪೋಕಿನಲ್ಲಿ ಬಿರುಕಿದ್ದರೆ ಆ ವೀಲ್ ಗುಜರಿಗೆ.

ಡೈಮಂಡ್ ಕಟ್ ವೀಲ್ ಇರುವವರು ಸ್ವಲ್ಪ ಯೋಚಿಸಬೇಕು. ಅದರ ಹೊಳೆಯುವ ಮುಖ ಲೇತ್‌ನಲ್ಲಿ ಕೊರೆದ ಬರೀ ಲೋಹ, ಮೇಲೆ ತೆಳು ಲ್ಯಾಕರ್ ಬಿಟ್ಟರೆ ಬೇರೇನೂ ಇಲ್ಲ. ಮೊದಲು ಕೆಡುವುದೂ ಅದೇ. ಮತ್ತೆ ಕೊರೆಸಿದಾಗಲೆಲ್ಲ ಲೋಹ ಸವೆಯುವುದರಿಂದ ಒಂದೆರಡು ಸಲಕ್ಕಿಂತ ಹೆಚ್ಚು ಆಗುವುದಿಲ್ಲ. ಕರಾವಳಿಯವರಿಗೆ ನಮ್ಮ ಸಲಹೆ ನೇರ: ಡೈಮಂಡ್ ಕಟ್‌ನ ಎರಡು ಬಣ್ಣದ ಆಸೆ ಬಿಟ್ಟು ಪೂರ್ತಿ ಸಿಲ್ವರ್ ಅಥವಾ ಗ್ರೇ ಪೌಡರ್ ಹಾಕಿಸಿ.

ಒಂದೇ ಕಡೆ ಬೆರಳಗಲ ಪೇಂಟ್ ಎದ್ದಿದ್ದರೆ ಮನೆಯಲ್ಲೇ ಸರಿ ಮಾಡಬಹುದು. 120ರ ಎಮರಿ ಪೇಪರ್‌ನಿಂದ ಲೋಹ ಕಾಣುವ ತನಕ ಉಜ್ಜಿ, 240, 400ರಲ್ಲಿ ಅಂಚನ್ನು ಕೈಗೆ ತಡೆಯದಷ್ಟು ನಯ ಮಾಡಿ. ಎಣ್ಣೆಯಂಶ ಒರೆಸಿ ಎಚ್ (etch) ಪ್ರೈಮರ್, ಅಂದರೆ ಬರೀ ಲೋಹಕ್ಕೆ ಕಚ್ಚುವ ಪ್ರೈಮರ್, 10 ನಿಮಿಷದ ಅಂತರದಲ್ಲಿ ಮೂರು ತೆಳು ಕೋಟ್ ಬಣ್ಣ, ಕೊನೆಗೆ 2ಕೆ ಕ್ಲಿಯರ್ (ಹಾರ್ಡನರ್ ಬೆರೆಸುವ ಪಾರದರ್ಶಕ ಕೋಟ್). ಕಬ್ಬಿಣದ ರೆಡ್ ಆಕ್ಸೈಡ್ ಪ್ರೈಮರ್ ಇಲ್ಲಿ ಕಚ್ಚುವುದಿಲ್ಲ. 2ಕೆ ಹೊಡೆಯುವಾಗ ಬಟ್ಟೆ ಮಾಸ್ಕ್ ಸಾಲದು. ಅದರ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಅದಕ್ಕೆ ತಕ್ಕ ರೆಸ್ಪಿರೇಟರ್ ಇಲ್ಲದಿದ್ದರೆ ಈ ಕೋಟನ್ನು ಪೇಂಟ್ ಶಾಪ್‌ಗೆ ಬಿಡಿ.

ವಾರಕ್ಕೊಮ್ಮೆ ಒಂದೇ ಟೈರಿನ ಗಾಳಿ ಇಳಿಯುತ್ತಿದ್ದು ಪಂಕ್ಚರ್ ಸಿಗದಿದ್ದರೆ, ಟೈರಿನ ಅಂಚು ರಿಮ್‌ಗೆ ಕೂರುವ ಜಾಗದಲ್ಲಿ ಇದೇ ಬಿಳಿ ಪುಡಿ ಇರುವ ಸಾಧ್ಯತೆ ಹೆಚ್ಚು. ಪೌಡರ್ ಹಾಕಿಸುವಾಗಲೇ ಅದನ್ನೂ ಉಜ್ಜಿಸಿ.

ರೇಟು ಕೇಳುವಾಗ ಟೈರು ಬಿಚ್ಚಿ ಹಾಕುವುದು, ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಬ್ಯಾಲೆನ್ಸಿಂಗ್‌ಗೆ ಒಳಬದಿ ಅಂಟಿಸುವ ತೂಕವೇ ಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸುವ ಕ್ಲಿಪ್ ಹೊಸ ಕೋಟಿಂಗನ್ನು ಮೊದಲ ದಿನವೇ ಒಡೆಯುತ್ತದೆ. ನಟ್‌ಗಳನ್ನು ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ ಬಿಗಿ ಮಾಡಿಸಿ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ. ತೊಳೆಯಲು ಕಾರ್ ಶಾಂಪೂ ಸಾಕು, ವೀಲ್ ತಣ್ಣಗಿರುವಾಗ.