ಕಣ್ಣು, ಅಯಸ್ಕಾಂತ, ಮೀಟರ್: ಉಕ್ಕಿನ ಹದಕ್ಕೆ ಯಾವುದನ್ನು ನಂಬುವುದು?

ದಾವಣಗೆರೆಯಲ್ಲಿ ಲಾರಿಯ ಹಳೇ ಕಮಾನ್ ಪಟ್ಟಿಗೆ ಬರ ಇಲ್ಲ. ನಾನು ಮಚ್ಚು, ಉಳಿ ಮಾಡುವುದು ಅದರಲ್ಲೇ. ಬಡಿಯುವುದಕ್ಕಿಂತ ಹದ ಹಾಕುವುದೇ ಕಷ್ಟ. ಕಾವು ಕಮ್ಮಿಯಾದರೆ ಎಣ್ಣೆಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ. ಜಾಸ್ತಿಯಾದರೆ ಒಳಗಿನ ಕಣ ದಪ್ಪವಾಗಿ ಬಾಯಿ ಚಕ್ಕೆ ಏಳುತ್ತದೆ. ಹಾಗಾಗಿ ಒಂದೇ ಪಟ್ಟಿಯ ತುಂಡುಗಳನ್ನು ಮೂರು ರೀತಿ ಕಾಯಿಸಿ, ಅದ್ದಿ, ಮುರಿದು ನೋಡಿದೆ.

ಮೊದಲು ಇದ್ದಿಲ ಕುಲುಮೆ, ಬರೀ ಕಣ್ಣಂದಾಜು. ಸಂಜೆ ಮಾಡಿದ್ದು ಚೆನ್ನಾಗಿ ಬಂತು. ಮಧ್ಯಾಹ್ನದ ಬೆಳಕಿನಲ್ಲಿ ಕೆಂಪು ಮಂಕಾಗಿ ಕಂಡಿತು, ಇನ್ನೂ ಸಾಲದು ಅಂತ ಗಾಳಿ ಕೊಡುತ್ತಾ ಹೋದೆ. ಮುರಿದರೆ ಒಳಗೆ ಸಕ್ಕರೆ ಹರಳಿನಂಥ ಕಣ! ನಮ್ಮ ದೊಡ್ಡಪ್ಪ ಕುಲುಮೆಯನ್ನು ಕತ್ತಲೆ ಮೂಲೆಯಲ್ಲೇ ಇಟ್ಟಿದ್ದು ಯಾಕೆ ಅಂತ ಆವತ್ತು ಅರ್ಥವಾಯಿತು.

ಅಯಸ್ಕಾಂತಕ್ಕೆ ಬಿಸಿಲು ನೆರಳಿನ ತಕರಾರಿಲ್ಲ. ಸುಮಾರು 770 ಡಿಗ್ರಿಗೆ ಉಕ್ಕು ಅದಕ್ಕೆ ಅಂಟುವುದನ್ನು ಬಿಡುತ್ತದೆ. ಆದರೆ ಬಿಟ್ಟ ಕೂಡಲೇ ಅದ್ದಿದ ತುಂಡಿಗೆ ಅರ ಹಾಕಿದರೆ ಕಚ್ಚಿತು, ಅಂದರೆ ಇನ್ನೂ ಮೆತ್ತಗಿದೆ. ಕಮಾನ್ ಪಟ್ಟಿಗೆ 850ರ ಹತ್ತಿರ ಬೇಕು. ಮಿಕ್ಕ 80 ಡಿಗ್ರಿಗೆ ಮತ್ತೆ ಕಣ್ಣೇ ಗತಿ. ಆದರೂ ಎಲ್ಲಿಂದ ಎಣಿಸಬೇಕು ಅನ್ನುವುದಾದರೂ ಗೊತ್ತಿರುತ್ತದೆ, ಅಲ್ವಾ?

ಮೂರನೆಯದು ಕರೆಂಟಿನ ಫರ್ನೇಸ್. ಒಳಗೆ ಕಾವು ಅಳೆಯುವ ತಂತಿ, ಅಂದರೆ ಕೆ ಟೈಪ್ ಥರ್ಮೋಕಪಲ್; ಹೊರಗೆ ಡಿಜಿಟಲ್ ಕಂಟ್ರೋಲರ್. 850 ಅಂತ ಇಟ್ಟು ನಿಶ್ಚಿಂತೆಯಾಗಿದ್ದೆ. ಬಾಗಿಲ ಕಡೆಯ ತುಂಡು ಮೆತ್ತಗೇ ಉಳಿಯಿತು. ಮೀಟರ್ ತೋರಿಸುವುದು ಥರ್ಮೋಕಪಲ್ ತುದಿ ಇರುವ ಜಾಗದ ಕಾವನ್ನು, ಉಕ್ಕಿನದ್ದಲ್ಲ. ತುದಿಯನ್ನು ತುಂಡಿನ ಪಕ್ಕಕ್ಕೆ ತಂದೆ. ಅಂಕಿ ಮುಟ್ಟಿದ ಮೇಲೂ ಹತ್ತು ನಿಮಿಷ ಬಿಟ್ಟೆ. ಆಮೇಲೆ ಬಂದ ತುಂಡುಗಳೆಲ್ಲ ಒಂದೇ ಥರ: ಮುರಿದ ಜಾಗ ಬೂದಿ ಬಣ್ಣ, ನುಣ್ಣಗೆ. ಒಂದು ಕೊರತೆ ಇದೆ. ಒಳಗೆ ಗಾಳಿ ಆಡುವುದರಿಂದ ಮೇಲ್ಮೈಗೆ ಕಪ್ಪು ಹೊಪ್ಪಳೆ ಕಟ್ಟುತ್ತದೆ. ಇದ್ದಿಲ ಕೆಂಡದ ನಡುವೆ ಹೂತಿಟ್ಟರೆ ಅಷ್ಟು ಕಟ್ಟುವುದಿಲ್ಲ.

ಟೆಂಪರಿಂಗ್‌ಗೂ, ಅಂದರೆ ಅದ್ದಿ ಗಟ್ಟಿಯಾದ ಉಕ್ಕು ಪಟಕ್ಕನೆ ಮುರಿಯದಂತೆ ಮತ್ತೆ ಕಮ್ಮಿ ಕಾವಿನಲ್ಲಿ ಕಾಯಿಸುವುದಕ್ಕೂ, ಫರ್ನೇಸೇ ಮೇಲು. ಉಜ್ಜಿದ ಉಕ್ಕಿನ ಮೇಲೆ 230ರ ಸುಮಾರಿಗೆ ಒಣಹುಲ್ಲಿನ ಬಣ್ಣ, 300ಕ್ಕೆ ನೀಲಿ ಬರುವುದು ನಿಜ. ಆದರೆ ಹೆಚ್ಚು ಹೊತ್ತು ಇಟ್ಟರೆ ಕಮ್ಮಿ ಕಾವಿಗೂ ಬಣ್ಣ ಮುಂದಕ್ಕೆ ಹೋಗುತ್ತದೆ.

ಈಗ ಹತ್ತಾರು ಮಚ್ಚಿನ ಆರ್ಡರ್ ಬಂದರೆ ಫರ್ನೇಸ್ ಹಚ್ಚುತ್ತೇನೆ. ಒಂದೇ ಒಂದು ಉಳಿ ಅಂದರೆ ಇದ್ದಿಲು, ಅಯಸ್ಕಾಂತ, ಅದೂ ಕತ್ತಲಾದ ಮೇಲೆ.