ಲಕ್ಷ್ಮೀ ಬಜಾರಿನಲ್ಲಿ ‘ಬಂಗಾರ ಬಿಚ್ಚಿಡಿ’ ಎಂದವನು ಪೊಲೀಸನಲ್ಲ

ಚಿತ್ರದುರ್ಗದ ಲಕ್ಷ್ಮೀ ಬಜಾರಿಗೆ ಒಬ್ಬರೇ ಹೋಗಿಬರುವ ವಯಸ್ಸಾದ ತಾಯಂದಿರು ನಿಮ್ಮ ಮನೆಯಲ್ಲಿದ್ದರೆ, ಇದನ್ನು ದಯವಿಟ್ಟು ಅವರಿಗೆ ಓದಿ ಹೇಳಿ.

ನಮ್ಮ ಅಮ್ಮನಿಗೆ 68 ವರ್ಷ. ಮದುವೆಯಾಗಿ ಬಂದ ದಿನದಿಂದ ಸೀರೆ, ಬಳೆ, ಪಾತ್ರೆ ಎಲ್ಲವನ್ನೂ ಅದೇ ಬೀದಿಯಲ್ಲಿ ಕೊಂಡವರು. ಕಳೆದ ತಿಂಗಳು ಒಂದು ಶುಕ್ರವಾರ ಉಚ್ಚಂಗಿಯಲ್ಲಮ್ಮನಿಗೆ ಹಣ್ಣುಕಾಯಿ ಮಾಡಿಸಿ, ರವಿಕೆ ಬಟ್ಟೆಗೆಂದು ಬಜಾರಿಗೆ ಹೋಗಿದ್ದಾರೆ. ಹನ್ನೊಂದೂವರೆ, ಕಾಲಿಡಲು ಜಾಗವಿಲ್ಲದ ಹೊತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿಯವನೊಬ್ಬ ಎದುರು ನಿಂತು, ಕೊರಳಲ್ಲಿದ್ದ ಗುರುತಿನ ಚೀಟಿ ಎತ್ತಿ ತೋರಿಸಿ, “ಅಮ್ಮಾ, ನಾವು ಪೊಲೀಸಿನವರು. ನಿನ್ನೆ ಇಲ್ಲೇ ಒಬ್ಬರ ಸರ ಕಿತ್ತುಕೊಂಡು ಹೋಗಿದ್ದಾರೆ. ಬಂಗಾರ ಬಿಚ್ಚಿ ಚೀಲದಲ್ಲಿ ಇಟ್ಟುಕೊಳ್ಳಿ” ಎಂದಿದ್ದಾನೆ. ಅಷ್ಟರಲ್ಲಿ ದಾರಿಹೋಕನೊಬ್ಬ ಬಂದ. ಅವನಿಗೂ ಗದರಿಕೆ. ಅವನು ಮರುಮಾತಿಲ್ಲದೆ ಉಂಗುರ ಕಳಚಿ, ಕಾಗದದಲ್ಲಿ ಸುತ್ತಿಸಿಕೊಂಡು ಹೊರಟುಹೋದ. ಅವನೂ ಜೊತೆಗಾರನೇ ಎಂದು ಅಮ್ಮನಿಗೆ ಹೇಗೆ ಹೊಳೆಯಬೇಕು?

ಅಮ್ಮ ಅವಲಕ್ಕಿ ಸರ ಮತ್ತು ಎರಡು ಬಳೆ ತೆಗೆದುಕೊಟ್ಟರು. ತಾಳಿಗೆ ಕೈಹಾಕಿದಾಗ ಅವನೇ ತಡೆದನಂತೆ: “ಮಾಂಗಲ್ಯ ಇರಲಿ ಅಮ್ಮಾ, ಅದನ್ನು ತೆಗೆಯಬಾರದು.” ಅಮ್ಮ ಪೂರ್ತಿ ನಂಬಿದ್ದು ಆ ಮಾತಿಗೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದೂ ಆ ಮಾತಿಗೇ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಚೀಲದ ತಳಕ್ಕೆ ತುರುಕಿ, ಮೇಲೆ ಪ್ರಸಾದದ ಬಾಳೆಹಣ್ಣು ಇಟ್ಟು, ಮನೆ ಮುಟ್ಟುವ ತನಕ ಬಿಚ್ಚಬೇಡಿ ಎಂದು ಕಳುಹಿಸಿದ್ದಾನೆ. ಮನೆಯಲ್ಲಿ ಬಿಚ್ಚಿದರೆ ನಾಲ್ಕು ಜಲ್ಲಿಕಲ್ಲು, ಎರಡು ಪ್ಲಾಸ್ಟಿಕ್ ಬಳೆ.

ಮಕ್ಕಳು ಬೈಯುತ್ತಾರೆಂದು ಹೆದರಿ ಅಮ್ಮ ನಾಲ್ಕು ದಿನ ಬಾಯಿ ಬಿಡಲಿಲ್ಲ. ಊಟ ಸೇರುತ್ತಿರಲಿಲ್ಲ, ಸೆರಗನ್ನು ಕೈಮೇಲೆ ಎಳೆದುಕೊಂಡೇ ಓಡಾಡುತ್ತಿದ್ದರು. ಬರಿಗೈ ನನ್ನ ಹೆಂಡತಿಯ ಕಣ್ಣಿಗೆ ಬಿದ್ದ ಮೇಲೆ ಎಲ್ಲವೂ ಹೊರಬಂತು. ಅಮ್ಮ ನಿಂತಿದ್ದ ಜಾಗದ ಎದುರಿನ ಅಂಗಡಿಗೆ ಓಡಿದೆ. ಕ್ಯಾಮೆರಾ ನೇರವಾಗಿ ಅತ್ತಲೇ ಮುಖ ಮಾಡಿತ್ತು. ಆದರೆ ಮೆಮೊರಿ ಕಾರ್ಡ್ ತುಂಬಿದಂತೆ ಹಳೆಯ ದೃಶ್ಯ ಅಳಿಸಿಹೋಗುತ್ತದೆ, ಶುಕ್ರವಾರದ್ದು ಉಳಿದಿರಲಿಲ್ಲ. ಅಂದೇ ಹೇಳಿದ್ದರೆ ಅವನ ಮುಖವಾದರೂ ಸಿಗುತ್ತಿತ್ತು. ಅಮ್ಮನನ್ನು ದೂರುತ್ತಿಲ್ಲ. ಹೇಳಲು ಹೆದರುವಂತೆ ನಡೆದುಕೊಂಡವರು ನಾವು. ಕಳೆದ ವರ್ಷ ಕೊಡೆ ಮರೆತು ಬಂದದ್ದಕ್ಕೇ ರೇಗಿದ್ದೆ.

ಠಾಣೆಗೆ ದೂರು ಕೊಟ್ಟಿದ್ದೇವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ ಪ್ರಕಾರ ಸರ್ಕಾರಿ ನೌಕರನೆಂದು ನಟಿಸುವುದೇ ಒಂದು ಅಪರಾಧ. ವಂಚನೆಗೆ 318ನೇ ಕಲಂ ಬೇರೆ ಇದೆ. ರಕ್ಷಣೆಯ ಹೆಸರಿನಲ್ಲಿ ನಡುಬೀದಿಯಲ್ಲಿ ಒಡವೆ ಬಿಚ್ಚಿಸಿ ತಮ್ಮ ಕೈಯಾರೆ ಪೊಟ್ಟಣ ಕಟ್ಟಿಕೊಡುವುದು ಪೊಲೀಸರ ಕೆಲಸವಲ್ಲ. ಯಾರಾದರೂ ಹಾಗೆ ಹೇಳಿದರೆ ಅಲ್ಲಿ ನಿಂತು ಮಾತಿಗೆ ಮಾತು ಬೆಳೆಸಬೇಡಿ. ಹತ್ತಿರದ ಅಂಗಡಿಯೊಳಗೆ ಹೋಗಿ, ಗಲ್ಲಾದಲ್ಲಿ ಕುಳಿತವರಿಗೆ ಗಟ್ಟಿಯಾಗಿ ಹೇಳಿ, 112ಕ್ಕೆ ಕರೆ ಮಾಡಿಸಿ. ನಮ್ಮ ಅಮ್ಮನ ಮೊಬೈಲಿನಲ್ಲಿ ಆ ಸಂಖ್ಯೆಯನ್ನು ಮೊದಲ ಗುಂಡಿಗೆ ಹಾಕಿಕೊಟ್ಟಿದ್ದೇನೆ.