ಜಗತ್ ಸರ್ಕಲ್ ಹತ್ತಿರದ ಟೈಪಿಂಗ್ ಅಂಗಡಿ: ರಶ್ ಇದ್ದರೂ ಹೋಗಬಹುದು

ಕಲಬುರಗಿಯಲ್ಲಿ ಕನ್ನಡ ಟೈಪಿಂಗ್ ಅಂಗಡಿಗಳಿಗೆ ಬರವಿಲ್ಲ. ಓದಿಕೊಂಡು ಟೈಪ್ ಮಾಡುವವರು ಮಾತ್ರ ಕಡಿಮೆ. ಈ ಸಣ್ಣ ಅಂಗಡಿಯಲ್ಲಿ ಅಂಥವರೊಬ್ಬರಿದ್ದಾರೆ.

ನಾನು ಎಲ್‌ಎಲ್‌ಬಿ ಓದುತ್ತಿದ್ದೇನೆ. ಬಿಡುಗಡೆಗಾಗಿ ಕೋರ್ಟ್ ಮೆಟ್ಟಿಲೇರಿದ ಅಮೆರಿಕದ ಗುಲಾಮರ ಮೇಲೆ ಸೆಮಿನಾರ್ ಪ್ರಬಂಧ, ಎಲ್ಲಾ ಕೈಬರಹ. ಎರಡನೇ ಪುಟಕ್ಕೇ ಕೀಬೋರ್ಡ್ ನಿಂತಿತು. "ಅಲ್ರೀ, ಇವರೇ ಮಾಲಕನ ಮಾಲು ಅಂದಮ್ಯಾಲ ಕೇಸ್ ಹ್ಯಾಂಗ ಹಾಕ್ತಾರ್ರಿ?" ನಮ್ಮ ಕ್ಲಾಸಲ್ಲಿ ಯಾರೂ ಕೇಳದ ಪ್ರಶ್ನೆ.

ದಾರಿ ಇತ್ತು. ಮಿಸೌರಿಯ ಸೇಂಟ್ ಲೂಯಿಸ್ ಒಂದರಲ್ಲೇ ಇಂಥ 300ಕ್ಕೂ ಜಾಸ್ತಿ ಕೇಸುಗಳ ಕಡತ ಸಿಕ್ಕಿವೆ. ಮೊದಲು ಅನುಮತಿ ಕೇಳಿ ಅರ್ಜಿ. ಕೋರ್ಟ್ ಒಪ್ಪಿದರೆ ವಕೀಲರನ್ನೂ ಅದೇ ಕೊಡಬಹುದಿತ್ತು. ದಾವೆ ಸಾಮಾನ್ಯವಾಗಿ ಹಲ್ಲೆ ಮತ್ತು ಅಕ್ರಮ ಬಂಧನದ ಮೇಲೆ: 'ನಾನು ಸ್ವತಂತ್ರಳು, ಇವನು ನನ್ನನ್ನು ಹೊಡೆದು ಕೂಡಿಹಾಕಿದ್ದಾನೆ.' 'ಅವಳು ನನ್ನ ಗುಲಾಮಳು' ಅಂತ ಮಾಲೀಕ ಉತ್ತರ ಕೊಟ್ಟರೆ ಅಸಲಿ ವಿಷಯ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ಜನರ ತಂಡ) ಮುಂದೆ ಬಂತು, ಅಲ್ವಾ?

ಮ್ಯಾಸಚೂಸೆಟ್ಸ್‌ನ ಕೇಸು ಇನ್ನೂ ಚುರುಕು. 1781ರಲ್ಲಿ ಬ್ರಾಮ್ ಮತ್ತು ಬೆಟ್ ಎಂಬ ಗುಲಾಮರ ಪರವಾಗಿ ವಕೀಲ ಥಿಯೊಡೋರ್ ಸೆಡ್ಜ್‌ವಿಕ್ ತಂದದ್ದು ರೆಪ್ಲೆವಿನ್ ರಿಟ್. ಯಾರಾದರೂ ನಿಮ್ಮ ಎತ್ತು ಹಿಡಿದಿಟ್ಟುಕೊಂಡರೆ ವಾಪಸ್ ಕೊಡಿಸುವ ಕೋರ್ಟ್ ಆದೇಶ ಅದು! ಮಾಲೀಕ ಆಶ್ಲಿ, 'ಇವರು ಜೀವನಪೂರ್ತಿ ನನ್ನ ಆಳುಗಳು' ಅಂತ ಬಿಡಲೊಪ್ಪಲಿಲ್ಲ. ಜ್ಯೂರಿ ಬಿಡಿಸಿತು, ಮೇಲೆ 30 ಶಿಲ್ಲಿಂಗ್ ಪರಿಹಾರವನ್ನೂ ಕೊಡಿಸಿತು. ಬೆಟ್ ಆಮೇಲೆ ಎಲಿಜಬೆತ್ ಫ್ರೀಮನ್ ಆದಳು. "ಈ ಪ್ಯಾರಾ ಬೋಲ್ಡ್ ಮಾಡ್ಲೇನ್ರಿ?" ಅಂದರು ಟೈಪಿಸ್ಟ್. ಮಾಡಿಸಿದೆ. ನಮ್ಮ ಗೈಡ್‌ಗೆ ಹಿಡಿಸಲಿಲ್ಲ, ಇರಲಿ.

ಮಿಸೌರಿಯ ಗುಲಾಮ ಡ್ರೆಡ್ ಸ್ಕಾಟ್‌ನ ಭಾಗಕ್ಕೆ ಬಂದಾಗ ಅವರ ಮುಖ ಸಪ್ಪಗಾಯಿತು. 1846ರಲ್ಲಿ ಅವನೂ ಹೆಂಡತಿ ಹ್ಯಾರಿಯೆಟ್ಟೂ ಅರ್ಜಿ ಹಾಕಿದರು. 1850ರಲ್ಲಿ ಗೆದ್ದರು, 1852ರಲ್ಲಿ ಮಿಸೌರಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. 1857ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ 7-2 ಸೋಲು. ಅದೇ ವರ್ಷ ಇಬ್ಬರೂ ಬೇರೆ ಮಾಲೀಕನ ಕೈಗೆ ಬಂದು ಬಿಡುಗಡೆಯಾದರು, ಮುಂದಿನ ವರ್ಷ ಸ್ಕಾಟ್ ತೀರಿಕೊಂಡ.

ಇನ್ನು ಕೊರತೆಗಳು. 'ನುಡಿ' ಟೈಪಿಂಗ್ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿದಾಗ ಒತ್ತಕ್ಷರ ಚೆಲ್ಲಾಪಿಲ್ಲಿ, ಅರ್ಕಾವತ್ತು ಎಲ್ಲೆಲ್ಲೋ. ಫೈಲ್ ಕೈಗೆ ಬಂದಮೇಲೆ ಅಲ್ಲೇ ಕೂತು ನೋಡಿ. ಅಡಿಟಿಪ್ಪಣಿ ಹಾಕಲು ಅವರಿಗೆ ಬರುವುದಿಲ್ಲ. ಮಧ್ಯಾಹ್ನ ಅಫಿಡವಿಟ್‌ನವರ ಸಾಲು, ಬೆಳಿಗ್ಗೆ ಬೇಗ ಹೋಗಿ. ರೇಟ್ ನ್ಯಾಯವಾಗಿದೆ. ಸ್ಪೈರಲ್ ಬೈಂಡಿಂಗ್ ಮಾತ್ರ ಬೇರೆ ಕಡೆ ಮಾಡಿಸಿ, ಇಲ್ಲಿನದು ಒಂದೇ ವಾರಕ್ಕೆ ಬಿಚ್ಚಿಕೊಳ್ಳುತ್ತದೆ.